ಸಾಲಿಯ ಹಗೇವು

ಕಳೆದ ತಿಂಗಳು ತಿಕೋಟಾದಲ್ಲಿ ಮೂಗಿಗೆ ಬಡಿದ ಒಂದು ವಾಸನೆ ಇನ್ನೂ ನನ್ನನ್ನು ಬಿಟ್ಟಿಲ್ಲ. ತಂಗಿಯ ಮೊಮ್ಮಗಳು ಯಾವುದೋ ಕೆಲಸಕ್ಕೆ ಆ ಊರಿಗೆ ಹೊರಟಿದ್ದಳು. ನಾನೂ ಬರುತ್ತೇನೆಂದು ಹಟ ಹಿಡಿದು ಕಾರಿನಲ್ಲಿ ಕುಳಿತೆ. ಊರ ಹೆಬ್ಬಾಗಿಲಾದ ಅಗಸಿಯ ಹತ್ತಿರ ಗಟಾರಿಗಾಗಿ ಯಂತ್ರವೊಂದು ನೆಲ ಅಗೆಯುತ್ತಿತ್ತು. ನಾವು ನೋಡುತ್ತಿದ್ದಂತೆ ಒಂದು ಚಪ್ಪಡಿ ಮಗುಚಿಕೊಂಡಿತು, ಅದರ ಕೆಳಗೆ ದುಂಡನೆಯ ಕತ್ತಲೆ ಕಾಣಿಸಿತು. ಹುಳಿ ಹುಳಿಯಾದ, ಬಿಸಿಯಾದ, ಮುಗ್ಗಿದ ಕಾಳಿನ ವಾಸನೆ. "ಏನಜ್ಜಿ ಇದು, ಹಳೇ ಗಟಾರ ಒಡೀತೇನು?" ಎಂದು ಹುಡುಗಿ ಮೂಗು ಮುಚ್ಚಿಕೊಂಡಳು. ಗಟಾರ ಅಲ್ಲ, ಹಗೇವು ಎಂದೆ. ಅವಳಿಗೆ ಅರ್ಥವಾಗಲಿಲ್ಲ. ನನಗೆ ಅಲ್ಲಿಂದ ಕಾಲು ಕೀಳಲು ಆಗಲಿಲ್ಲ.

ನಮ್ಮ ಕಡೆ ಆಗ ಜೋಳವನ್ನು ನೆಲದೊಳಗೆ ಇಡುತ್ತಿದ್ದರು. ಗಟ್ಟಿ ನೆಲದಲ್ಲಿ ಆಳುದ್ದದ ಗುಂಡಿ, ಒಳಗೆ ಸುತ್ತಲೂ ಜೋಳದ ದಂಟು, ತುಂಬಿದ ಮೇಲೆ ಬಾಯಿಗೆ ಚಪ್ಪಡಿ, ಚಪ್ಪಡಿಯ ಮೇಲೆ ಮಣ್ಣು. ಅದಕ್ಕೆ ಹಗೇವು ಎನ್ನುತ್ತಾರೆ. ನೀರು ಇಳಿಯದಿದ್ದರೆ ಕಾಳು ವರ್ಷಗಟ್ಟಲೆ ಇರುತ್ತದೆ. ತೆರೆದ ದಿನ ಯಾರೂ ದಡಬಡಿಸಿ ಇಳಿಯುವುದಿಲ್ಲ, ಒಳಗಿನ ಕಾವು ಹೋಗುವವರೆಗೆ ದಂಡೆಯ ಮೇಲೆ ಕೂತು ತಂಬಾಕು ತಿಕ್ಕುತ್ತಾರೆ. ಅಗಸಿಯ ಪಕ್ಕದ ಈ ಗುಂಡಿಗೆ ಒಂದು ಕಾಲದಲ್ಲಿ ಸಾಲಿ ಹಗೇವು, ಅಂದರೆ ಶಾಲೆಯ ಹಗೇವು ಎಂದು ಹೆಸರಿತ್ತು. ಹೆಣ್ಣುಮಕ್ಕಳ ಓದಿಗೆಂದು ಇಡೀ ಊರು ಅದನ್ನು ತುಂಬಿತ್ತು. ಮರುವರ್ಷ ಅದನ್ನು ತುಂಬಬೇಡಿ ಎಂದವಳು ನಾನು.

ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದು ನಾಲ್ಕೈದು ವರ್ಷವಾಗಿದ್ದ ಕಾಲ. ನಾನು ಶಿಕ್ಷಕಿಯ ಟ್ರೇನಿಂಗ್ ಮುಗಿಸಿದ ಹೊಸ ಅಕ್ಕೋರು. ನಮ್ಮಪ್ಪ ರೇಲ್ವೆಯಲ್ಲಿ ಗುಮಾಸ್ತ, ನಮ್ಮ ಮನೆ ವಿಜಾಪುರದ ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ. ಊರಿಗೆ ಈಗ ವಿಜಯಪುರ ಎಂದು ಬೋರ್ಡು ಬಿದ್ದಿದೆ, ನನ್ನ ಬಾಯಿ ಮಾತ್ರ ತಿರುಗುವುದಿಲ್ಲ. ಜೋಳ ನನಗೆ ರೊಟ್ಟಿಯ ರೂಪದಲ್ಲಷ್ಟೇ ಗೊತ್ತಿತ್ತು. ಹೊಲ, ಕಣ, ರಾಶಿ ಎಲ್ಲ ಪುಸ್ತಕದ ಪಾಠ. ಅಂಥವಳನ್ನು ತಿಕೋಟಾದ ಹೆಣ್ಣುಮಕ್ಕಳ ಶಾಲೆಗೆ ಹಾಕಿದರು. ಊರಿಗೆ ಬುದ್ಧಿ ಹೇಳಲು ಬಂದಿದ್ದೇನೆಂದು ನಾನು ಮನಸ್ಸಿನಲ್ಲಿ ಬೀಗುತ್ತಿದ್ದೆ, ಅದನ್ನು ಮುಚ್ಚಿಡುವುದರಿಂದ ಈಗೇನು ಲಾಭ.

ಸುತ್ತಲಿನ ವಸ್ತಿಗಳ ಹುಡುಗಿಯರು ನಾಲ್ಕನೆಯ ಇಯತ್ತೆಗೆ ಶಾಲೆ ಬಿಡುತ್ತಿದ್ದರು. ಮುಂದೆ ಓದಬೇಕೆಂದರೆ ತಿಕೋಟಾಕ್ಕೇ ಬರಬೇಕು, ನಡುವೆ ಹಳ್ಳ, ಮಳೆಗಾಲದಲ್ಲಿ ಎರೆಮಣ್ಣಿನ ಕೆಸರು ಮೊಣಕಾಲ ಮಟ. ಏಳನೆಯ ಇಯತ್ತೆಯ ಕೊನೆಗೆ ಸರಕಾರವೇ ನಡೆಸುವ ಮುಲ್ಕಿ ಪರೀಕ್ಷೆ ಇತ್ತು. ಮುಲ್ಕಿ ಪಾಸಾದ ಹುಡುಗಿ ತಾನೇ ಅಕ್ಕೋರಾಗಬಹುದು. ಆ ಸುತ್ತಿನಲ್ಲಿ ಹಾಗೆ ಪಾಸಾದವಳು ಒಬ್ಬಳೂ ಇರಲಿಲ್ಲ. ಚಾವಡಿಯಲ್ಲಿ ಒಂದು ದಿನ ನಾನು ಇದನ್ನೇ ಹೇಳಿ ತಲೆ ತಿನ್ನುತ್ತಿದ್ದಾಗ ಈರಪ್ಪಜ್ಜ ಎಂಬ ಹಿರಿಯ ಒಕ್ಕಲಿಗ ನಶ್ಯ ಏರಿಸಿಕೊಂಡು, "ಬಡಿಗ್ಯಾಗ ಆಯ ಕೊಡ್ತೇವಿ, ಕಂಬಾರಗ ಕೊಡ್ತೇವಿ, ಅಗಸಗ ಕೊಡ್ತೇವಿ. ಸಾಲಿಗೂ ಒಂದ ಆಯ ಹಿಡದ್ರಾತು, ಅದಕ್ಯಾಕ ಇಷ್ಟ ಮಾತು?" ಎಂದ.

ಅಷ್ಟೇ. ನಾನು ಬರೆದಿಟ್ಟುಕೊಂಡಿದ್ದ ಅರ್ಜಿಗಳಿಗಿಂತ ಆ ಒಂದು ಮಾತು ಹೆಚ್ಚು ಕೆಲಸ ಮಾಡಿತು. ಆಯ ಎಂದರೆ ಸುಗ್ಗಿಯಲ್ಲಿ ರಾಶಿ ಅಳೆಯುವಾಗ ಊರಿನ ಕಸುಬುದಾರರಿಗೆ ಕಣದಲ್ಲೇ ತೆಗೆದಿಡುವ ಕಾಳಿನ ಪಾಲು. ಆ ಸುಗ್ಗಿಗೆ ಪ್ರತಿ ಕಣದಲ್ಲೂ ಸಾಲಿ ಪಾಲು ತೆಗೆದರು, ಅಗಸಿಯ ಹಗೇವು ತುಂಬಿತು. ಸಂತೆಯಲ್ಲಿ ಊದಿನಕಡ್ಡಿ, ಅತ್ತರು ಮಾರುವ ಹುಸೇನಸಾಬ ತನ್ನ ಮನೆಯ ಎರಡು ಖೋಲಿ ಬಿಟ್ಟುಕೊಟ್ಟ. ಅವನ ಹೆಂಡತಿ ಹುಡುಗಿಯರಿಗೆ ಕಾವಲು. ಗಂಗವ್ವ ಎಂಬ ವಿಧವೆ ರೊಟ್ಟಿ ಬಡಿಯಲು ಬಂದಳು. ದವಾಖಾನೆಯ ಕಂಪೌಂಡರು ವಾರಕ್ಕೊಮ್ಮೆ ಬಂದು ಕಣ್ಣು, ನಾಲಿಗೆ ನೋಡುತ್ತಿದ್ದ. ಬ್ಲಾಕ್ ಆಫೀಸಿನವರು ಹಾಲಿನ ಪುಡಿಯ ಡಬ್ಬಿ, ಎರಡು ಕಂದೀಲು ಕಳಿಸಿದರು. ಶಿಕ್ಷಣ ಖಾತೆ ಕೊಟ್ಟಿದ್ದು ನನ್ನೊಬ್ಬಳನ್ನು. ಆರು ಹುಡುಗಿಯರು ಬಂದು ಉಳಿದರು. ಏನೋ ಒಂದು ಕೊರತೆ ಇದ್ದೇ ಇರುತ್ತಿತ್ತು. ಎಣ್ಣೆ ಇದ್ದರೆ ಬೇಳೆ ಇಲ್ಲ, ಬೇಳೆ ಇದ್ದರೆ ಸೀಮೆಎಣ್ಣೆ ಇಲ್ಲ. ಆದರೂ ಒಂದು ವರ್ಷ ದೂಡಿದೆವು.

ಆ ಆರು ಜನರಲ್ಲಿ ನೀಲವ್ವ ದೊಡ್ಡವಳು. ಬಬಲೇಶ್ವರದ ಹಾದಿಯಲ್ಲಿ, ಡೋಣಿ ಹೊಳೆಯ ದಂಡೆಯ ವಸ್ತಿಯವಳು. ಲೆಕ್ಕದಲ್ಲಿ ಅವಳು ನನ್ನನ್ನೇ ಹಿಡಿಯುತ್ತಿದ್ದಳು. ಹಲಗೆಯ ಮೇಲೆ ನಾನು ತಪ್ಪಿದರೆ ಎದ್ದು ನಿಂತು ಹೇಳುತ್ತಿರಲಿಲ್ಲ, ತನ್ನ ಪಾಟಿಯಲ್ಲಿ ಸರಿಯಾದದ್ದನ್ನು ಬರೆದು ನನಗೆ ಕಾಣುವಂತೆ ತಿರುಗಿಸಿ ಇಡುತ್ತಿದ್ದಳು. ಅವಳ ಅಪ್ಪ ಭೀಮಪ್ಪ ಕೂಲಿಯ ಜೊತೆಗೆ ಒಂದಿಷ್ಟು ಹೊಲ ಮಾಡುತ್ತಿದ್ದ. ಬಬಲೇಶ್ವರದಲ್ಲಿದ್ದ ಅವನ ಅಕ್ಕ, ನೀಲವ್ವನನ್ನು ತನ್ನ ಮಗನಿಗೆ ತಂದುಕೊಳ್ಳಬೇಕೆಂದು ತೊಟ್ಟಿಲಲ್ಲೇ ಗೊತ್ತು ಮಾಡಿಕೊಂಡಿದ್ದಳು. ಭೀಮಪ್ಪ ನನ್ನೆದುರೇ ಅಕ್ಕನಿಗೆ ಕರಾರು ಹಾಕಿದ್ದ. "ಮುಲ್ಕಿ ಆಗೂತನಾ ತಡಿ ಬೇ. ಪಾಸಾದ್ರ ಆಕಿ ಸಾಲ್ಯಾಗ ಇರ್ಲಿ, ನಿನ್ನ ಮಗ ಕಾಯಲಿ. ಆಗಲಿಲ್ಲಂದ್ರ ಮರದಿನಾನಽ ಅಕ್ಕಿಕಾಳ." ಅಕ್ಕ ಮೂಗು ಮುರಿದಳು, ಆದರೆ ಒಪ್ಪಿದಳು. ಹಾಗಾಗಿ ನೀಲವ್ವನಿಗೆ ಮುಲ್ಕಿ ಬರೀ ಪರೀಕ್ಷೆಯಾಗಿರಲಿಲ್ಲ.

ಗುರುಲಿಂಗಪ್ಪ ಸಾವಕಾರರು ಬಂದದ್ದು ಎರಡನೆಯ ಸುಗ್ಗಿಗೆ ಸ್ವಲ್ಪ ಮೊದಲು. ವಿಜಾಪುರದ ಗಾಂಧಿ ಚೌಕದಲ್ಲಿ ಅವರದು ಕುಸುಬೆ ಎಣ್ಣೆಯ ದೊಡ್ಡ ಅಂಗಡಿ. ನಮ್ಮ ಸಂಗತಿ ಯಾರಿಂದಲೋ ಕಿವಿಗೆ ಬಿದ್ದು ಮೋಟಾರು ಹತ್ತಿ ಬಂದಿದ್ದರು. ಹುಸೇನಸಾಬನ ಪಡಸಾಲೆಯಲ್ಲಿ ಆರು ಹುಡುಗಿಯರು ಸಾಲಾಗಿ ಕೂತು ರೊಟ್ಟಿ, ಪುಂಡಿಪಲ್ಲೆ ಉಣ್ಣುತ್ತಿದ್ದರು. ಸಾವಕಾರರು ಬಾಗಿಲಲ್ಲೇ ನಿಂತು ನೋಡಿದರು. ಅವರ ಮಗಳು ಒಬ್ಬಳು ಇದೇ ವಯಸ್ಸಿನಲ್ಲಿ ಗಂಡನ ಮನೆಗೆ ಹೋಗಿ, ವರ್ಷ ತುಂಬುವುದರೊಳಗೆ ಬಾಣಂತನದಲ್ಲಿ ಸತ್ತಿದ್ದಳಂತೆ. ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡರು. ಆ ಕಣ್ಣೀರು ಖರೇ ಇತ್ತು, ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

"ಇನ್ನ ಮ್ಯಾಲ ಇದೆಲ್ಲಾ ನಂದ್ರಿ ಅಕ್ಕೋರ," ಎಂದರು. "ಜ್ವಾಳ, ಬ್ಯಾಳಿ, ಎಣ್ಣಿ, ಅರಿವಿ, ಅಡಗಿ ಮಾಡಾಕಿ ಪಗಾರ, ಇರಾಕ ಚಲೋ ಮನಿ, ಎಲ್ಲಾ ನಾ ಮಾಡ್ತೀನಿ. ನಂದ ಒಂದಽ ಮಾತ. ಬ್ಯಾರೆದವರದು ಒಂದ ಕಾಳೂ ಇದರಾಗ ಕೂಡಬಾರದು."

"ಊರವರು ಪ್ರೀತಿಯಿಂದ ಕೊಡ್ತಾರ್ರಿ" ಎಂದೆ.

"ಕೊಡಲಿ, ಗುಡಿಗೆ ಕೊಡಲಿ. ಇದು ನನ್ನ ಮಗಳ ಹೆಸರಲೆ ಹೊತ್ತ ಹರಕಿ. ಹರಕಿ ಪಾಲ ಮಾಡಾಕ ಬರಂಗಿಲ್ರಿ."

ನಮ್ಮ ಸೀಮೆಯಲ್ಲಿ ಈ ಮಾತಿಗೆ ಯಾರೂ ಎದುರು ಹೇಳುವುದಿಲ್ಲ. ಹೊತ್ತ ಹರಕೆಯನ್ನು ಹೊತ್ತವನೇ ತೀರಿಸಬೇಕು, ಇನ್ನೊಬ್ಬನ ಕೈ ಹತ್ತಿದರೆ ಅದು ಸಲ್ಲುವುದಿಲ್ಲ ಎಂಬುದು ಎಲ್ಲರ ತಿಳಿವಳಿಕೆ. ನನಗಂತೂ ಎದುರು ಹೇಳುವ ಮನಸ್ಸೇ ಇರಲಿಲ್ಲ. ಮನೆಮನೆಗೆ ತಿರುಗುವುದು ತಪ್ಪಿತು, ಬ್ಲಾಕ್ ಆಫೀಸಿನ ಬಾಗಿಲು ಕಾಯುವುದು ತಪ್ಪಿತು, ಕಂದೀಲಿನ ಬತ್ತಿಗೂ ಒಬ್ಬರ ಮುಖ ನೋಡುವುದು ತಪ್ಪಿತು. ಆ ದಿನ ನಾನು ಹಿಗ್ಗಿ ಹೀರೇಕಾಯಿ ಆಗಿದ್ದೆ.

ಹುಸೇನಸಾಬ ಮಾತ್ರ ಸಾವಕಾರರ ಮೋಟಾರು ಹೋದ ಮೇಲೆ ತಡವರಿಸುತ್ತ ಬಂದ. "ಅಕ್ಕೋರ, ಸಣ್ಣ ಬಾಯಾಗ ದೊಡ್ಡ ಮಾತು. ಅವರಿಗೆ ಒಂದೀಟು ತಿಳಿಸಿ ಹೇಳ್ರಿ. ಜ್ವಾಳ ನಮ್ಮ ಕೈಲೆ ಆಕ್ಕೈತಿ, ಮನಿ ನಮ್ಮ ಕೈಲೆ ಆಕ್ಕೈತಿ. ಆಗದ್ದು ಅದಾವಲ್ರಿ, ಮಳಿಗಾಲದಾಗ ಹುಡುಗ್ಯಾರನ್ನ ತರಾಕ ಚಕ್ಕಡಿ, ಪುಸ್ತಕ, ಸೀಮಿ ಎಣ್ಣಿ, ನಮ್ಮನ್ನ ಅವರನ್ನ ಎಲ್ಲಾರನ್ನೂ ತಿಂಗಳಿಗೊಮ್ಮೆ ಒಂದ ಕಡೆ ಕೂಡಿಸಾಕ ಒಬ್ಬರು. ಅದನ್ನ ಅವರು ನೋಡಲಿ. ನಮ್ಮ ಪಾಲು ನಮಗ ಬಿಡಲಿ." ಈತನಿಗೆ ತನ್ನ ದೊಡ್ಡಸ್ತಿಕೆ ಹೋಗುತ್ತದೆಂಬ ಚಿಂತೆ ಎಂದುಕೊಂಡೆ. ಹರಕೆಯ ಮಾತು, ನಾನೇನು ಹೇಳಲಿ ಎಂದು ನುಣುಚಿಕೊಂಡೆ. ಅವನು ಮತ್ತೆ ಆ ಮಾತು ಎತ್ತಲಿಲ್ಲ.

ಸುಗ್ಗಿ ಬಂತು. ಈರಪ್ಪಜ್ಜನ ಕಣದಿಂದ ಹೇಳಿಕಳಿಸಿದರು, ಸಾಲಿ ಪಾಲು ತೆಗೆದಿದ್ದೇವೆ, ಅಕ್ಕೋರು ಬಂದು ಕೈ ಮುಟ್ಟಲಿ ಎಂದು. ಚಪ್ಪಲಿ ಹೊರಗೆ ಬಿಟ್ಟು ಹೋದೆ. ಬಿಳಿಜೋಳದ ರಾಶಿ ಎದೆಮಟ್ಟ ಇತ್ತು. ಮೇಲೆ ಬೆನಕ, ಸಗಣಿಯ ಸಣ್ಣ ಗುಪ್ಪೆ, ಅದಕ್ಕೊಂದು ಗರಿಕೆ. ಪಕ್ಕದಲ್ಲಿ ಚೀಲದ ಮೇಲೆ ಬೇರೆ ತೆಗೆದಿಟ್ಟ ಕಾಳು. ನಾನು ನಗುನಗುತ್ತಲೇ, ಪಾಠ ಹೇಳುವ ದನಿಯಲ್ಲಿ ಹೇಳಿದೆ, "ಈ ವರ್ಷದಿಂದ ಬ್ಯಾಡ್ರಿ ಅಜ್ಜಾ. ಸಾವಕಾರ್ರು ಎಲ್ಲಾ ನೋಡ್ಕೋತಾರ. ನೀವು ಮನಿಗೆ ಒಯ್ರಿ."

ಅಳೆಯುತ್ತಿದ್ದವನು ಸೇರು ಹಿಡಿದೇ ನಿಂತ. ಈರಪ್ಪಜ್ಜ ನನ್ನ ಮುಖ ನೋಡಲಿಲ್ಲ, ರಾಶಿಯ ಕಡೆ ನೋಡುತ್ತ, "ಆತು ಬಿಡ್ರಿ" ಎಂದ. ರಾಶಿಯ ಮುಂದೆ ಯಾರೂ ಬ್ಯಾಡ ಎಂಬ ಶಬ್ದ ಆಡುವುದಿಲ್ಲವೆಂದು ನನಗೆ ಹೇಳಿದವರಾರು. ಕಣಕ್ಕೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ, ಕೊಟ್ಟದ್ದನ್ನು ಬಂದವರು ತಿರುಗಿಸುವುದಿಲ್ಲ. ತಿರುಗಿಸಿದರೆ ಆ ಮನೆಗೂ ಅವರಿಗೂ ಅಲ್ಲಿಗೆ ತೀರಿತು ಎಂದು ಅರ್ಥ. ಬಡಿಗನೊಬ್ಬ ಒಕ್ಕಲಿಗನ ಸಂಬಂಧ ಕಡಿದುಕೊಳ್ಳಬೇಕಾದರೆ ಹಾಗೆ ಮಾಡುತ್ತಾನಂತೆ. ಇದನ್ನೆಲ್ಲ ಗಂಗವ್ವ ಆಮೇಲೆ ಹೇಳಿದಳು. ಅಷ್ಟರೊಳಗೆ ನಾನು ಇನ್ನೂ ಎಂಟು ಹತ್ತು ಕಣಗಳಿಗೆ ಹೋಗಿ ಅದನ್ನೇ ಹೇಳಿ ಮುಗಿಸಿದ್ದೆ, ಅದೂ ದೊಡ್ಡ ಉಪಕಾರ ಮಾಡಿದವಳಂತೆ.

ಒಂದೊಂದಾಗಿ ಉಳಿದವೂ ಕಳಚಿದವು. ಸಾವಕಾರರು ದೊಡ್ಡ ರಸ್ತೆಯ ಮೇಲೆ ಹಂಚಿನ ಮನೆ ಕಟ್ಟಿಸಿ, ಬಾಗಿಲ ಮೇಲೆ ಮಗಳ ಹೆಸರಿನ ಕಲ್ಲು ಕೂಡಿಸಿದರು. ಹುಡುಗಿಯರು ಅಲ್ಲಿಗೆ ಹೋದರು. ಹುಸೇನಸಾಬನ ಖೋಲಿಗಳಿಗೆ ಅವನ ಹಿರಿಯ ಮಗನ ಹೊಸ ಸಂಸಾರ ಬಂತು. ದಾನಿಗಳು ಇರುವಾಗ ಇದೇಕೆ ಎಂದು ಬ್ಲಾಕ್ ಆಫೀಸಿನವರು ಹಾಲಿನ ಪುಡಿಯನ್ನು ಬೇರೆ ಊರಿಗೆ ತಿರುಗಿಸಿದರು. ಕಂಪೌಂಡರನಿಗೆ ಕೈಮುಗಿದು, ಇನ್ನು ಸಾವಕಾರರ ಡಾಕ್ಟರು ಬರುತ್ತಾರೆ ಎಂದೆ. ಅವನು ಬದುಕಿದೆ ಎಂದುಕೊಂಡನೋ ಬೇಸರಪಟ್ಟನೋ ತಿಳಿಯದು. ಶಿಕ್ಷಣ ಖಾತೆಯ ಸಾಹೇಬರು ತಪಾಸಣೆಗೆ ಬಂದು, ಇಡೀ ತಾಲೂಕಿಗೆ ಇದು ಮಾದರಿ ಎಂದು ಬರೆದು ಹೋದರು. ಆ ಬರಹವನ್ನು ನಾನು ಎಷ್ಟು ಸಲ ಓದಿದೆನೋ.

ಮಳೆಗಾಲ ಜೋರಾಗಿ ಬಂತು. ಆಷಾಢದಲ್ಲಿ ಡೋಣಿ ಉಕ್ಕಿ ವಸ್ತಿಗಳ ಹಾದಿ ಕಡಿಯಿತು. ಹೊಸ ಮನೆಯಲ್ಲಿ ಹುಡುಗಿಯರಿಗೆ ಎರಡು ಹೊತ್ತು ಅನ್ನ ಸಿಗುತ್ತಿತ್ತು, ಗೋದಿ ಸಿಗುತ್ತಿತ್ತು, ಒಬ್ಬೊಬ್ಬರಿಗೆ ಒಂದೊಂದು ಕಂಬಳಿ. ನೀಲವ್ವ ಏಳನೆಯ ಇಯತ್ತೆಯ ಲೆಕ್ಕದ ಪುಸ್ತಕವನ್ನು ಶ್ರಾವಣದೊಳಗೆ ಮುಗಿಸಿದಳು. ಆಮೇಲೆ ಮೊದಲಿಂದ ಮತ್ತೆ ಶುರು ಮಾಡಿದಳು. ಒಂದು ಮಧ್ಯಾಹ್ನ ನಾನು ಅವಳ ಪಕ್ಕ ಕೂತಿದ್ದಾಗ, "ಅಕ್ಕೋರ, ಈಗ ಯಾರೂ ಬರಂಗಿಲ್ಲಲ್ರಿ" ಎಂದಳು. ಯಾರು ಎಂದು ಕೇಳಿದೆ. "ಮದಲ ಈರಪ್ಪಜ್ಜ ಬರತಿದ್ದ, ಕಾಕಾ ಬರತಿದ್ದ, ಕಂಪೌಂಡರ ಬರತಿದ್ದ. ಎಷ್ಟ ಕಲ್ತೀರೆಬೇ ಅಂತ ಕೇಳತಿದ್ರು. ಈಗ ಚೀಲ ಬರತಾವ." ಕಾಕಾ ಎಂದರೆ ಹುಸೇನಸಾಬ. ಓದಿನ ಕಡೆ ಲಕ್ಷ್ಯ ಇರಲಿ ಎಂದು ಗದರಿಸಿದೆ. ಹದಿನಾಲ್ಕು ವರ್ಷದ ಹುಡುಗಿಗೆ ಕಂಡದ್ದು ನನಗೆ ಕಾಣಲಿಲ್ಲ.

ದೀಪಾವಳಿಯ ಸೂಟಿ ಮುಗಿಯುವ ಹೊತ್ತಿಗೆ ಸಾವಕಾರರು ತೀರಿಕೊಂಡರು. ಊಟಕ್ಕೆ ಕೂತವರು ಎಡಕ್ಕೆ ವಾಲಿದರಂತೆ, ಅಷ್ಟೇ. ನಾನು ಅತ್ತೆ, ಹುಡುಗಿಯರೂ ಅತ್ತರು. ಆ ತಿಂಗಳ ಚೀಲಗಳು ಬರಲಿಲ್ಲ, ಮನೆಯಲ್ಲಿ ಸೂತಕ ಎಂದು ಸುಮ್ಮನಿದ್ದೆ. ಮುಂದಿನ ತಿಂಗಳೂ ಬರದಾಗ ವಿಜಾಪುರಕ್ಕೆ ಹೋದೆ. ಗಾಂಧಿ ಚೌಕದ ಅಂಗಡಿಯಲ್ಲಿ ಹಿರಿಯ ಮಗ ಗಾದಿಯ ಮೇಲೆ ಕೂತಿದ್ದ. ಗಿರಾಕಿಗಳ ಗದ್ದಲದ ನಡುವೆ ನನ್ನನ್ನು ಬಹಳ ಹೊತ್ತು ನಿಲ್ಲಿಸಿದ. ಕೆಟ್ಟವನೇನಲ್ಲ, ಕುರ್ಚಿ ತರಿಸಿ ಚಹಾ ಕೊಡಿಸಿದ.

"ಅಪ್ಪನ ಹರಕಿ ಅಪ್ಪನ ಕೂಡ ಹೋತ್ರಿ ಅಕ್ಕೋರ," ಎಂದ. "ನಾ ಮಾಡಿದ್ರ ಅದು ಅವಗ ಮುಟ್ಟಂಗಿಲ್ಲ, ನನಗೂ ಹತ್ತಂಗಿಲ್ಲ. ನನ್ನ ತಮ್ಮ ಬ್ಯಾರಿ ಆಗಾಕತ್ತಾನ. ತಿಕೋಟಾದ ಮನಿ ಯಾರ ಪಾಲಿಗೆ ಬರತೈತಿ ನೋಡಬೇಕು."

"ಪರೀಕ್ಷೆ ತನಕ ನಾಲ್ಕು ತಿಂಗಳ ನಡಸ್ರಿ. ಹರಕಿ ಅಂತ ಬ್ಯಾಡ, ಸುಮ್ಮನ" ಎಂದೆ.

"ಊರವರು ಮದಲ ಕೊಡತಿದ್ರಂತಲ್ರಿ. ಅವರನ್ನ ಕೇಳ್ರಿ." ಆ ಮಾತನ್ನು ಅವನು ಚುಚ್ಚಲು ಆಡಲಿಲ್ಲ, ಆದರೂ ಅದು ಇನ್ನೂ ಚುಚ್ಚುತ್ತದೆ.

ನಾನು ತಿಕೋಟಾಕ್ಕೆ ಬಂದ ಮರುವಾರ ಆ ಹಂಚಿನ ಮನೆಗೆ ಎರಡು ಬೀಗ ಬಿದ್ದವು, ಅಣ್ಣನದೊಂದು, ತಮ್ಮನದೊಂದು. ಹುಡುಗಿಯರ ಟ್ರಂಕುಗಳು ಶಾಲೆಯ ಕಟ್ಟೆಯ ಮೇಲೆ ಬಂದು ಕೂತವು. ಬಾಲ ಸುಟ್ಟ ಬೆಕ್ಕಿನ ಹಾಗೆ ನಾನು ಊರೆಲ್ಲ ಓಡಾಡಿದೆ. ಬ್ಲಾಕ್ ಆಫೀಸಿನಲ್ಲಿ, ನಿಮ್ಮ ಊರಿನ ಹೆಸರು ಯಾದಿಯಿಂದ ತೆಗೆದಿದೆ, ಮುಂದಿನ ವರ್ಷ ಅರ್ಜಿ ಹಾಕಿ ಎಂದರು. ಶಿಕ್ಷಣ ಖಾತೆಯಲ್ಲಿ, ಅದು ದಾನಿಗಳಿಗೆ ಸಂಬಂಧಪಟ್ಟ ವಿಷಯ ಎಂದರು. ಎರಡೂ ಆಫೀಸಿನ ನಡುವೆ ಒಂದು ಗೋಡೆ ಮಾತ್ರ ಇತ್ತು. ಹುಸೇನಸಾಬ, "ಪಡಸಾಲ್ಯಾಗ ಇರ್ಲಿ ಬಿಡ್ರಿ, ಗೋಣಿತಾಟು ಕಟ್ಟೋಣು" ಎಂದ. ಬೆಳೆದ ಹೆಣ್ಣುಮಕ್ಕಳನ್ನು ಬೀದಿಯ ಪಡಸಾಲೆಯಲ್ಲಿ ಯಾವ ತಂದೆ ತಾಯಿ ಬಿಡುತ್ತಾರೆ.

ಕೊನೆಗೆ ಈರಪ್ಪಜ್ಜನ ಮನೆಗೆ ಹೋದೆ. ಅಜ್ಜ ಎತ್ತಿನ ಮೈ ತಿಕ್ಕುತ್ತಿದ್ದ. ನಾನು ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಿದೆ.

"ತಪ್ಪು ಗಿಪ್ಪು ಬಿಡ್ರಿ," ಎಂದ. "ಮಾಗಿ ದಿನ, ಎಲ್ಲಾರ ಹಗೇವೂ ತಳಾ ಕಂಡಾವ. ನಿಮ್ಮ ಪಾಲಿನ ಜ್ವಾಳ ಆವಾಗಽ ಸಂತಿಗೆ ಹೋತು. ನನ್ನ ಮನ್ಯಾಗಿಂದ ಒಂದ ಚೀಲ ಒಯ್ರಿ, ಇಲ್ಲನ್ನಂಗಿಲ್ಲ. ಆದ್ರ ಊರ ಮಂದಿನ್ನ ಮತ್ತ ಕೇಳಾಕ ನನ್ನ ಕೈಲೆ ಆಗಂಗಿಲ್ಲ. ನಾನಽ ಕೇಳಿ ಕೊಡಿಸಿದ್ದೆ, ನೀವು ತಿರುಗಿಸಿದ್ರಿ. ನನಗ ಮಾರಿ ಇಲ್ಲ."

ಆ ಒಂದು ಚೀಲ ಜೋಳದಿಂದ ಇಬ್ಬರು ಹುಡುಗಿಯರನ್ನು ನನ್ನ ಬಾಡಿಗೆ ಖೋಲಿಯಲ್ಲಿ ಇಟ್ಟುಕೊಂಡೆ. ಇಬ್ಬರೂ ಏಳನೆಯ ಇಯತ್ತೆಯವರು, ತಾಯಿ ಇಲ್ಲದವರು, ಕೇಳುವವರು ಕಡಿಮೆ. ಮೂರು ಸಣ್ಣವರು ಮನೆಗೆ ಹೋದರು. ಮೂರನೆಯವಳಾಗಿ ನೀಲವ್ವ ನನ್ನ ಜೊತೆ ಇರಲೆಂದು ನಾನು ಎಷ್ಟು ಹೇಳಿದರೂ, ಚಕ್ಕಡಿ ಹೂಡಿಕೊಂಡು ಬಂದಿದ್ದ ಭೀಮಪ್ಪ ತಲೆ ಅಲ್ಲಾಡಿಸಿದ.

"ಊರ ಜ್ವಾಳ ಉಂಡ್ರ ಯಾರ ಹಂಗೂ ಇಲ್ರಿ ಅಕ್ಕೋರ. ಎಲ್ಲಾರದೂ ಅಂದ್ರ ಯಾರದೂ ಅಲ್ಲ. ಒಬ್ಬರ ಮನ್ಯಾಗ ಉಂಡ್ರ ಹಂಗು. ಸಾವಕಾರ್ರದು ಉಂಡಾಗಽ ನನ್ನ ಅಕ್ಕ ಆಡಿಕೊಂಡ್ಲು, ಯಾರ ಅನ್ನಾನೋ ತಿಂದ ಸ್ವಸಿ ಅಂತ. ಹರಕಿ ಅನ್ನ, ದೇವರದು ಅಂತ ಬಾಯಿ ಮುಚ್ಚಿಸಿದ್ದೆ. ಈಗ ಏನ ಹೇಳ್ಲಿ?"

"ಇನ್ನ ಮೂರ ತಿಂಗಳ ಭೀಮಪ್ಪ."

"ಮೂರ ತಿಂಗಳ ಮನ್ಯಾಗ ಇಟ್ಕೊಂಡ ಕುಂತ್ರ ಸುಮ್ಮ ಕುಂಡ್ರತಾರೇನ್ರಿ ಅವರು? ಸಾಲಿ ಐತಿ ಅಂತ ತಡದಿದ್ದೆ. ಸಾಲಿ ಬಿಟ್ಟ ಮ್ಯಾಲ ಏನಂತ ತಡೀಲಿ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಜಗಳವನ್ನಾದರೂ ಆಡುತ್ತಿದ್ದೆ.

ನೀಲವ್ವ ಟ್ರಂಕನ್ನು ತಾನೇ ಎತ್ತಿ ಚಕ್ಕಡಿಯಲ್ಲಿಟ್ಟಳು. ಪರೀಕ್ಷೆಯ ಅರ್ಜಿ ದೀಪಾವಳಿಗೆ ಮೊದಲೇ ಹೋಗಿತ್ತು. "ನಂಬರ ಬಂದ್ರ ಹೇಳಿಕಳಸ್ರಿ ಅಕ್ಕೋರ," ಎಂದಳು. "ಹೆಂಗರ ಮಾಡಿ ಬರ್ತೇನಿ." ಚಕ್ಕಡಿ ಬಬಲೇಶ್ವರದ ಹಾದಿ ಹಿಡಿಯಿತು. ಹಿಂಗಾರಿ ಜೋಳ ಎರಡೂ ಬದಿ ಆಳೆತ್ತರ ನಿಂತಿತ್ತು, ಬಹಳ ಬೇಗ ಅವರು ಕಾಣದಾದರು.

ಪರೀಕ್ಷೆಯ ನಂಬರು ಮಾಘಮಾಸದಲ್ಲಿ ಬಂತು. ವಿಜಾಪುರದಿಂದ ಟಪಾಲಿನಲ್ಲಿ ಮೂರು ಸಣ್ಣ ಚೀಟಿ. ನಾನೂರಾ ಹದಿನೈದು, ಹದಿನಾರು, ಹದಿನೇಳು. ಕೊನೆಯದು ನೀಲವ್ವನದು. ಅದೇ ವಾರ ಅವಳ ಮದುವೆ ಎಂದು ಗಂಗವ್ವನಿಗೆ ಸುದ್ದಿ ಬಂದಿತ್ತು. ಚೀಟಿಯನ್ನು ಕೈಚೀಲದಲ್ಲಿಟ್ಟುಕೊಂಡು, ಇನ್ನೊಮ್ಮೆ ಭೀಮಪ್ಪನ ಕಾಲಿಗಾದರೂ ಬೀಳುತ್ತೇನೆಂದು ಬೆಳಿಗ್ಗೆ ನಡೆದು ಹೊರಟೆ. ಡೋಣಿಯಲ್ಲಿ ಆಗ ನೀರಿರಲಿಲ್ಲ, ಉಪ್ಪಿನ ಬಿಳಿ ಗೆರೆಗಳಷ್ಟೇ. ಹೊಳೆ ದಾಟಿ ದಂಡೆ ಹತ್ತಿದೆ. ವಸ್ತಿಯ ಕಡೆಯಿಂದ ಹೆಂಗಸರು ಅರಿಷಿಣ ಹಚ್ಚುವ ಹಾಡು ಹೇಳುತ್ತಿದ್ದದ್ದು ಕೇಳಿಸಿತು. ಬೇವಿನ ಗಿಡದ ಕೆಳಗೆ ನಿಂತೆ. ಆ ಹಾಡಿನ ನಡುವೆ ಹೋಗಿ ಈ ಚೀಟಿ ತೋರಿಸಿ ಯಾರಿಗೇನು ಮಾಡಲಿ ಎನ್ನಿಸಿತು. ಹುಡುಗಿಯ ಸಂಕಟ ಹೆಚ್ಚಾಗುತ್ತದೆ, ಅದಕ್ಕೆ ಬೇಡ ಎಂದು ನನಗೆ ನಾನೇ ಹೇಳಿಕೊಂಡು ತಿರುಗಿ ಬಂದೆ. ಅದು ಸುಳ್ಳು. ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಹೇಳಿಯೂ ಕಳಿಸಲಿಲ್ಲ.

ಉಳಿದಿಬ್ಬರನ್ನು ಪರೀಕ್ಷೆಗೆ ವಿಜಾಪುರಕ್ಕೆ ಕರೆದುಕೊಂಡು ಹೋದೆ. ನಮ್ಮಪ್ಪನ ಮನೆಯಲ್ಲೇ ಉಳಿದೆವು. ಪರೀಕ್ಷೆಯ ಶಾಲೆ ಗೋಳಗುಮ್ಮಟದ ಕಡೆ ಇತ್ತು. ಹುಡುಗಿಯರು ಮೊದಲ ಸಲ ಗುಮ್ಮಟ ನೋಡಿದ್ದು, ಪರೀಕ್ಷೆಯ ಅಂಜಿಕೆಗೆ ಅದನ್ನು ನೋಡಿ ನಗಲೂ ಇಲ್ಲ. ಅವರನ್ನು ಕೂಡಿಸಲು ಒಳಗೆ ಹೋದಾಗ ಸಾಲಿನ ಮೂರನೆಯ ಬೆಂಚಿನ ಮೇಲೆ ಸೀಮೆಸುಣ್ಣದ ಖಡುವಿನಿಂದ ಬರೆದ ನೀಲವ್ವನ ನಂಬರು ಕಂಡೆ. ಮೊದಲ ಗಂಟೆ ಆಯಿತು, ಎರಡನೆಯದೂ ಆಯಿತು. ಬಾಗಿಲು ಹಾಕುವ ಸಿಪಾಯಿ, "ಯಾರರ ಬರೂದು ಐತೇನ್ರಿ?" ಎಂದು ಕೇಳಿದ. ಇಲ್ಲ ಎಂದೆ. ಇಬ್ಬರೂ ಪಾಸಾದರು. ಒಬ್ಬಳು ಅಕ್ಕೋರಾಗಿ ನಿವೃತ್ತಳಾದಳು, ಇನ್ನೊಬ್ಬಳ ಸುದ್ದಿ ನನಗೆ ತಿಳಿಯದು. ಜನ ನನ್ನನ್ನು ಹೊಗಳಿದರು.

ಆಮೇಲಿನ ವರ್ಷಗಳಲ್ಲಿ ಎಷ್ಟೋ ಸಭೆಗಳಲ್ಲಿ ಕೂತೆ. ದಾನಿಗಳು ಬರುತ್ತಿದ್ದರು, ಅಧಿಕಾರಿಗಳು ಬರುತ್ತಿದ್ದರು, ಶಾಲೆಗೆ ಏನು ಮಾಡೋಣ ಎಂದು ಕೇಳುತ್ತಿದ್ದರು. ನಾನು ಎದ್ದು ಹುಸೇನಸಾಬನ ಮಾತನ್ನೇ ಹೇಳುತ್ತಿದ್ದೆ. ಊರಿನ ಪಾಲನ್ನು ಊರಿಗೆ ಬಿಡಿ, ಅವರ ಕೈಯಲ್ಲಿ ಆಗದ್ದನ್ನು ನೀವು ಮಾಡಿ, ಇಲಾಖೆಯವರನ್ನೂ ಊರವರನ್ನೂ ಒಂದು ಕಡೆ ಕೂಡಿಸುವ ಖರ್ಚು ನಿಮ್ಮದಿರಲಿ, ಪೂರ್ತಿ ನಮ್ಮದೇ ಎನ್ನಬೇಡಿ, ನೀವು ಹೋದ ಮರುದಿನವೂ ನಡೆಯುವಷ್ಟೇ ಕೊಡಿ. ಅಕ್ಕೋರು ಅನುಭವದಿಂದ ಹೇಳುತ್ತಾರೆ ಎಂದು ತಲೆದೂಗುತ್ತಿದ್ದರು, ಆಮೇಲೆ ಕಟ್ಟಡದ ಮೇಲೆ ಯಾರ ಹೆಸರು ಎಂಬ ಮಾತಿಗೆ ಹೋಗುತ್ತಿದ್ದರು. ಆ ಅನುಭವ ಎಂಥದೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅರವತ್ತರ ದಶಕ ಮುಗಿಯುತ್ತ ಬಂದಾಗ ನನ್ನನ್ನು ಬಬಲೇಶ್ವರಕ್ಕೆ ವರ್ಗ ಮಾಡಿದರು. ಹೋಗಬಾರದೆಂದು ಓಡಾಡಿದೆ, ನಡೆಯಲಿಲ್ಲ. ಮೊದಲ ಸುಗ್ಗಿಯಲ್ಲಿ ಶಾಲೆಗೆ ಸೇರುವ ಮಕ್ಕಳ ಯಾದಿ ಮಾಡುತ್ತ ಹೊಲದ ಕಡೆ ಹೋಗಿದ್ದೆ. ಒಂದು ಕಣದಲ್ಲಿ ಹೆಂಗಸೊಬ್ಬಳು ಎತ್ತರದ ಅಟ್ಟಣೆಯಂಥ ಮೇಟಿನ ಮೇಲೆ ನಿಂತು ಜೋಳ ತೂರುತ್ತಿದ್ದಳು. ಹೊಟ್ಟಿನ ಧೂಳಿನಲ್ಲಿ ಮುಖ ಕಾಣಲಿಲ್ಲ. ನನ್ನನ್ನು ನೋಡಿ ಇಳಿದು ಬಂದಳು, ಸೆರಗಿನಿಂದ ಮುಖ ಒರೆಸಿಕೊಂಡಳು. ನೀಲವ್ವ. ಹಿಂದೆ ಐದಾರು ವರ್ಷದ ಹುಡುಗಿಯೊಂದು ಸೀರೆ ಹಿಡಿದು ನಿಂತಿತ್ತು.

"ಅರಾಮ ಅದೀರೇನ್ರಿ ಅಕ್ಕೋರ?" ಎಂದಳು. ಏನು ಕೇಳಬೇಕೋ ತಿಳಿಯದೆ, ಮಗಳ ಹೆಸರೇನು ಎಂದೆ. ಶಾಂತಾ ಎಂದಳು. ಬರೆದುಕೊಂಡೆ. ಅವಳು ರಾಶಿಯ ಹತ್ತಿರ ಹೋಗಿ ಒಂದು ಮೊರದ ತುಂಬ ಜೋಳ ತಂದಳು.

"ಉಡಿ ಒಡ್ಡ್ರಿ. ಸಾಲಿ ಪಾಲು." ನಾನು ಸೆರಗು ಒಡ್ಡಿದೆ. ಸುರಿಯುತ್ತ ಕೆಳದನಿಯಲ್ಲಿ, "ಈ ಸಲ ಬ್ಯಾಡ ಅನಬ್ಯಾಡ್ರಿ" ಎಂದಳು. ಇಲ್ಲವೆಂದು ತಲೆ ಅಲ್ಲಾಡಿಸಿದೆ. ಸೆರಗು ಜಗ್ಗುವಷ್ಟು ಭಾರವಾಯಿತು. ಎರಡೂ ಕೈಯಿಂದ ಹಿಡಿದುಕೊಂಡು ಹೊರಡಲು ತಿರುಗಿದೆ. ಆಗ ಅವಳು ಹಿಂದಿನಿಂದ ಕೇಳಿದಳು.

"ನನ್ನ ನಂಬರ ಬಂದಿತ್ತೇನ್ರಿ ಅಕ್ಕೋರ?"

ಸುಳ್ಳು ಹೇಳಬಹುದಿತ್ತು. ಬಂದಿರಲಿಲ್ಲ ಎಂದಿದ್ದರೆ ಇಬ್ಬರಿಗೂ ಹಗುರಾಗುತ್ತಿತ್ತೇನೋ. "ಬಂದಿತ್ತು," ಎಂದೆ. "ನಾನೂರಾ ಹದಿನೇಳು. ನಾ ಹೇಳಿಕಳಿಸಲಿಲ್ಲ ನೀಲವ್ವ."

ಅವಳ ತುಟಿ ಅಲುಗುವುದು ಕಂಡಿತು, ನಂಬರನ್ನು ಒಂದು ಸಲ ತನಗೆ ತಾನೇ ಹೇಳಿಕೊಂಡಳು. "ಬರ್ಲಿಲ್ಲ ಅಂತಽ ತಿಳದಿದ್ದೆ ನೋಡ್ರಿ, ಇಷ್ಟ ದಿನ," ಎಂದಳು. ಗಾಳಿ ಎದ್ದಿತ್ತು. ಅವಳು ಮೊರ ಎತ್ತಿಕೊಂಡು ಮತ್ತೆ ಮೇಟಿನ ಮೇಲೆ ಹತ್ತಿದಳು.